ಹದಿನೆಂಟು ಸ್ಟಾಪಿನ ಪದಗಳು

ಎರಡನೇ ಸಲವೂ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದ ದಿನ ಕಂಡಕ್ಟರಮ್ಮ ಮನೆಗೆ ಬಂದು, ಬೂಟನ್ನೂ ಬಿಚ್ಚದೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಅಂಕಪಟ್ಟಿಯನ್ನು ಅತ್ತೆಯ ಮಡಿಲಿಗೆ ಹಾಕಿದಳು. ಲೆಕ್ಕದಲ್ಲಿ ನಲವತ್ತಕ್ಕೆ ನಲವತ್ತು. ಸಂಚಾರದ ನಿಯಮಗಳಲ್ಲಿ ಮೂವತ್ತಾರು. ಪದಜ್ಞಾನದಲ್ಲಿ ಒಂಬತ್ತು. ಪಾಸಾಗಲು ಪ್ರತಿ ಭಾಗದಲ್ಲೂ ಹದಿನಾರು ಬೇಕಿತ್ತು.

ಅತ್ತೆ ಕನ್ನಡಕ ಏರಿಸಿ ಪಟ್ಟಿಯನ್ನು ನೋಡಿದರು. "ಮಾತು ಬರುತ್ತೆ ಅಂತ ತೋರಿಸೋಕೂ ಒಂದು ಪರೀಕ್ಷೆನಾ? ನಿನ್ನ ಬಾಯಿ ಒಂದು ಸಲ ಕೇಳಿದ್ರೆ ಸಾಕಿತ್ತಲ್ಲ ಅವರಿಗೆ."

ಇದು ಹೊಗಳಿಕೆಯೋ ಕುಟುಕೋ ಸೊಸೆಗೆ ತಿಳಿಯಲಿಲ್ಲ. ಹದಿನಾಲ್ಕು ವರ್ಷ ಒಂದೇ ಸೂರಿನಡಿ ಇದ್ದರೂ ಅತ್ತೆಯ ಮಾತು ಅವಳಿಗೆ ಯಾವಾಗಲೂ ಅಡ್ಡಗೋಡೆಯ ಮೇಲಿಟ್ಟ ದೀಪವೇ.

ಹನ್ನೆರಡು ವರ್ಷದಿಂದ ಅವಳು ಇಪ್ಪತ್ತೆರಡನೇ ನಂಬರಿನ ಸಿಟಿ ಬಸ್ಸಿನಲ್ಲಿ ಟಿಕೆಟ್ ಕೊಡುತ್ತಿದ್ದಳು. ಡಿಪೋದವರು ಅವಳಿಗೆ ಇಟ್ಟ ಹೆಸರು 'ನಗಾರಿ'. ಬಾಗಿಲಲ್ಲಿ ಗುಂಪುಗಟ್ಟಿದವರಿಗೆ ಅವಳು "ಒಳಗೆ ಸರೀರಿ" ಎಂದು ಕೂಗಿದರೆ ಪಕ್ಕದ ಬಸ್ಸಿನವರೂ ಒಳಗೆ ಸರಿಯುತ್ತಿದ್ದರು. ಅವಳಿಗಿದ್ದ ಆಸೆ ಒಂದೇ. ಮುಖ್ಯ ನಿಲ್ದಾಣದ ಗಾಜಿನ ಕೋಣೆಯಲ್ಲಿ ಕೂತು ಮೈಕಿನಲ್ಲಿ ಬಸ್ಸುಗಳನ್ನು ಕರೆಯುವುದು. ಈಗ ಅಲ್ಲಿದ್ದವನ ದನಿ ಡಬ್ಬದೊಳಗೆ ಸಿಕ್ಕಿಬಿದ್ದ ದುಂಬಿಯ ಹಾಗಿತ್ತು. ಅವನು ಹೇಳಿದ್ದು ಕೇಳಿ ಯಾರಾದರೂ ಸರಿಯಾದ ಬಸ್ಸು ಹತ್ತಿದ್ದರೆ ಅದು ಅವರ ಪೂರ್ವಪುಣ್ಯ. ಅವನು ಆ ವರ್ಷ ನಿವೃತ್ತನಾಗುವವನಿದ್ದ. ಅದೇ ಮಹಡಿಯಲ್ಲಿ ವೇಳಾಪಟ್ಟಿ ಬರೆಯುವವನ ಜಾಗವೂ ಖಾಲಿಯಾಗುತ್ತಿತ್ತು. ಎರಡು ಹುದ್ದೆಗೂ ಒಂದೇ ಪರೀಕ್ಷೆ. ರಾಜ್ಯದ ಎಲ್ಲ ಡಿಪೋಗಳಿಗೂ ಒಂದೇ ದಿನ, ಒಂದೇ ಗಂಟೆಗೆ, ಒಂದೇ ಪ್ರಶ್ನೆಪತ್ರಿಕೆ. ಸರಿಯುತ್ತರದ ಸೊನ್ನೆಯನ್ನು ಪೆನ್ಸಿಲಿನಿಂದ ಕಪ್ಪು ಮಾಡಬೇಕು.

ಪದಜ್ಞಾನಕ್ಕೆಂದು ಇಲಾಖೆ ಒಂದು ಪುಸ್ತಕ ಕೊಟ್ಟಿತ್ತು. ಸಾವಿರದ ಇನ್ನೂರು ಪದ, ಅಕಾರಾದಿಯಾಗಿ. ಅವಳಿಗೆ ಅದು ಕಬ್ಬಿಣದ ಕಡಲೆ. 'ಅ'ದಿಂದ ಹೊರಟು 'ಕ' ತಲುಪುವಷ್ಟರಲ್ಲಿ 'ಅ' ಖಾಲಿ. 'ಪ' ಮುಟ್ಟಿದರೆ 'ಕ' ಮಾಯ. ಬೋರ್ಗಲ್ಲ ಮೇಲೆ ಮಳೆ ಸುರಿದ ಹಾಗೆ.

ಮುಂದಿನ ಪರೀಕ್ಷೆಗೆ ಐದು ತಿಂಗಳಿತ್ತು. ಒಂದು ಮಧ್ಯಾಹ್ನ, ಊಟದ ಹೊತ್ತು ಕಳೆದು ಬಸ್ಸು ಮುಕ್ಕಾಲು ಖಾಲಿ ಇದ್ದಾಗ, ಅವಳು ತನ್ನ ಸೀಟಿನಲ್ಲಿ ಕೂತು ಗೊಣಗುತ್ತಿದ್ದಳು. "ಅಕ್ಷಮ್ಯ, ಅಖಂಡ, ಅಗಮ್ಯ, ಅಗಾಧ..."

ಎದುರು ಸೀಟಿನ ಮುದುಕಿಯೊಬ್ಬರು, ದಪ್ಪ ಕನ್ನಡಕದವರು, ದಿನಾ ಗ್ರಂಥಾಲಯದ ಸ್ಟಾಪಿನಲ್ಲಿ ಇಳಿಯುವವರು, ಬಗ್ಗಿ ಕೇಳಿದರು. "ಅಕ್ಷಮ್ಯಕ್ಕೂ ಅಖಂಡಕ್ಕೂ ಏನಮ್ಮಾ ಸಂಬಂಧ?"

"ಪುಸ್ತಕದಲ್ಲಿ ಪಕ್ಕಪಕ್ಕ ಇದಾವೆ ಅಜ್ಜಿ."

"ಬಸ್ಸಲ್ಲಿ ಪಕ್ಕಪಕ್ಕ ಕೂತೋರೆಲ್ಲ ನೆಂಟರಾ?"

ಕಂಡಕ್ಟರಮ್ಮ ಪುಸ್ತಕ ಮುಚ್ಚಿದಳು.

ಮುದುಕಿ ಮೂವತ್ತೊಂದು ವರ್ಷ ಅಚ್ಚುಮನೆಯಲ್ಲಿ ಕರಡು ತಿದ್ದಿದವರಂತೆ. ನಿಘಂಟೊಂದನ್ನೇ ಮೂರು ಸಲ ಮೊದಲಿಂದ ಕೊನೆಯವರೆಗೆ ಓದಿದ್ದಾರಂತೆ. "ಹಾಗೆ ಓದಿದ್ದು ಒಂದೂ ನೆನಪಿಲ್ಲ ನಂಗೆ. ಪದಗಳಿಗೂ ಮನೆತನ ಅಂತ ಇರುತ್ತೆ ಕಣಮ್ಮ. ಅಕ್ಕ ತಂಗಿ, ದಾಯಾದಿ, ದೂರದ ಸೋದರತ್ತೆ ಎಲ್ಲಾ ಇರ್ತಾರೆ. ಮನೆಗೆ ಹೋಗಿ ಒಬ್ಬಳನ್ನ ಮಾತಾಡಿಸು, ಉಳಿದವರು ತಾವೇ ಹೊರಗೆ ಬರ್ತಾರೆ. ಈಗ ಹೇಳು, ನಿಮ್ಮತ್ತೆಗೆ ಸಿಟ್ಟು ಬಂದ್ರೆ ಏನ್ಮಾಡ್ತಾರೆ?"

"ಮಾತು ಬಿಡ್ತಾರೆ. ತಟ್ಟೆ ಮಾತ್ರ ಟಣ್ ಅಂತ ಇಡ್ತಾರೆ."

"ಅದು ಮುನಿಸು. ನಿನ್ನ ಗಂಡ?"

"ಕುಂಚ ಸಿಗದಿದ್ರೆ ಸುಮ್ಸುಮ್ನೆ ರೇಗ್ತಾರೆ."

"ಅದು ಸಿಡುಕು. ಡಿಪೋ ಮ್ಯಾನೇಜರು?"

"ಕಿವಿ ಕೆಂಪಗಾಗುತ್ತೆ. ಮೇಜು ಕುಟ್ಟಿ ಕುಟ್ಟಿ ಶಾಯಿ ಚೆಲ್ತಾರೆ."

"ಅದು ಕ್ರೋಧ. ಮತ್ತೆ ನೀನು?"

ಅವಳು ಯೋಚಿಸಿದಳು. "ನಂದು ಭುಗ್ ಅಂತ ಹತ್ತುತ್ತೆ ಅಜ್ಜಿ. ಆದ್ರೆ ಮುಂದಿನ ಸ್ಟಾಪ್ ಬರೋಷ್ಟರಲ್ಲಿ ಇಳಿದುಹೋಗುತ್ತೆ."

"ಅದು ಮುಂಗೋಪ. ನೋಡು, ಒಂದು ಸಂಸಾರ ಪೂರ್ತಿ ಆಯ್ತು."

ಮರುದಿನ ಬೆಳಗ್ಗೆ ಹಲ್ಲುಜ್ಜುವಾಗ ಆ ನಾಲ್ಕೂ ಪದಗಳು ಯಾರೂ ಕರೆಯದೆ ಬಂದು ಕನ್ನಡಿಯ ಮುಂದೆ ನಿಂತವು. ಅವಳು ಬಾಯಲ್ಲಿ ನೊರೆ ಇಟ್ಟುಕೊಂಡೇ ನಕ್ಕಳು. 'ಸಿಟ್ಟು ಮುಂದಿನ ಸ್ಟಾಪಲ್ಲಿ ಇಳಿಯುತ್ತೆ' ಎಂದು ತಾನೇ ಆಡಿದ ಮಾತು ಆಗ ನೆನಪಾಯಿತು. ತನ್ನ ದಾರಿಯಲ್ಲಿ ಹದಿನೆಂಟು ಸ್ಟಾಪುಗಳಿವೆ. ಕಣ್ಣು ಕಟ್ಟಿ ಬಿಟ್ಟರೂ ಒಂದೊಂದರ ತಿರುವು, ಗುಂಡಿ, ಅಂಗಡಿ ಎಲ್ಲ ಹೇಳಬಲ್ಲಳು. ಒಂದೊಂದು ಸ್ಟಾಪಿಗೆ ಒಂದೊಂದು ಮನೆತನವನ್ನು ಇಳಿಸಿದರೆ?

ಗಂಡ ಅಂಗಡಿಗಳ ನಾಮಫಲಕ ಬರೆಯುವವನು. ಪದಗಳನ್ನು ರಟ್ಟಿನ ಮೇಲೆ ಬರೆದುಕೊಡು ಎಂದದ್ದೇ ತಡ, ಹುರುಪಿನಿಂದ ಕೂತ. 'ಮುನಿಸು' ಎಂಬ ಮೂರಕ್ಷರಕ್ಕೆ ನೆರಳು ಹಾಕಿ, ಅಂಚು ಕಟ್ಟಿ, ಹೊಳಪು ಕೊಟ್ಟು ಮುಗಿಸುವಷ್ಟರಲ್ಲಿ ನಲವತ್ತು ನಿಮಿಷ ಆಯಿತು.

"ಚೆನ್ನಾಗಿದೆ. ಆದ್ರೆ ಈ ಲೆಕ್ಕದಲ್ಲಿ ನಾನು ಪರೀಕ್ಷೆ ಬರೆಯೋದು ಮೊಮ್ಮಕ್ಕಳ ಕಾಲಕ್ಕೆ," ಎಂದಳು.

ಕೊನೆಗೆ ರಾಜಿಯಾಯಿತು. ನೆರಳಿಲ್ಲ, ಅಂಚಿಲ್ಲ, ಒಂದು ಮನೆತನಕ್ಕೆ ಒಂದು ಬಣ್ಣ. ಆದರೂ ಅವನ ಕೈ ಸುಮ್ಮನಿರಲಿಲ್ಲ. ಅರ್ಥ ಕೇಳದೆ ಕುಂಚ ಅದ್ದುತ್ತಿರಲಿಲ್ಲ. 'ಜಿಪುಣ' ಎಂಬುದನ್ನು ದೊಡ್ಡ ರಟ್ಟಿನ ಒಂದು ಮೂಲೆಯಲ್ಲಿ ಇರುವೆಯಷ್ಟು ಮಾಡಿ ಬರೆದ. 'ಅಟ್ಟಹಾಸ' ರಟ್ಟು ಸಾಲದೆ ಆಚೆ ಹೋಯಿತು. 'ಇಣುಕು' ಅಂಚಿನಿಂದ ಅರ್ಧ ಮಾತ್ರ ಕಾಣುತ್ತಿತ್ತು. ಅತ್ತೆ ಎಲ್ಲವನ್ನೂ ನೋಡಿ, "ಹುಚ್ಚು ಮುಂಡೇದೆ, ಮದುವೆ ಮಾಡಿದ್ರೆ ಬಿಡುತ್ತೆ ಅಂದ್ಕೊಂಡಿದ್ದೆ," ಎಂದು ಮಗನಿಗೆ ಕಾಫಿ ತಂದಿಟ್ಟರು.

ಕಂಡಕ್ಟರಮ್ಮ ತನ್ನ ಸೀಟಿನ ಹಿಂದಿನ ಕಂಬಿಗೆ ಬಟ್ಟೆಯ ಕ್ಲಿಪ್ಪುಗಳಲ್ಲಿ ರಟ್ಟುಗಳನ್ನು ಸಿಕ್ಕಿಸಿಕೊಂಡಳು. ಸ್ಟಾಪ್ ಬಂದಾಗ ಆ ಸ್ಟಾಪಿನ ಗೊಂಚಲನ್ನು ಮುಂದೆ ಹಾಕಿ, ಹತ್ತುವವರು ಇಳಿಯುವವರ ನಡುವೆ ಒಂದು ಸಲ ಕಣ್ಣಾಡಿಸುವುದು, ಬಾಯಲ್ಲಿ ಹೇಳಿಕೊಳ್ಳುವುದು. ಅಷ್ಟೇ ಅವಳ ಯೋಜನೆ. ಆದರೆ ಅವಳು ಬಾಯಲ್ಲಿ ಹೇಳಿಕೊಂಡರೆ ಅದು ಇಡೀ ಬಸ್ಸಿಗೆ ಹೇಳಿದ ಹಾಗೆ.

ಮೊದಲ ವಾರ ಜನ ಕೇಳಿಸದವರ ಹಾಗೆ ಕಿಟಕಿಯಾಚೆ ನೋಡಿದರು. ಎರಡನೇ ವಾರ ಮಾರುಕಟ್ಟೆಯಲ್ಲಿ ಬುಟ್ಟಿ ಸಮೇತ ಹತ್ತಿದ ತರಕಾರಿಯಾಕೆ ತಡೆಯಲಾರದೆ ಬಾಯಿ ಹಾಕಿದಳು.

"ಜಿಪುಣ, ಲೋಭಿ, ಕೃಪಣ, ಜುಗ್ಗ... ಇಷ್ಟೇನಾ? ಎಂಜಲು ಕೈಲಿ ಕಾಗೆ ಓಡಿಸದೋನು ಅಂತ ಯಾಕಿಲ್ಲ?"

"ಅದು ಒಂದು ಪದ ಅಲ್ಲಮ್ಮ," ಎಂದರು ಮುದುಕಿ. "ಪೂರ್ತಿ ಜೀವನಚರಿತ್ರೆ."

"ಮತ್ತೆ ಈ ಮಿತವ್ಯಯಿ ಅನ್ನೋನು?"

"ಅವನು ಈ ಮನೆಯವನಲ್ಲ, ಎದುರುಮನೆಯವನು. ಬೇಕಾದ್ದಕ್ಕೆ ಬಿಚ್ಚುಗೈ, ಬೇಡದ್ದಕ್ಕೆ ಮುಚ್ಚುಗೈ. ಜಿಪುಣ ಎರಡಕ್ಕೂ ಮುಚ್ಚುಗೈ."

ಕಂಡಕ್ಟರಮ್ಮ ಹಣೆ ಬಡಿದುಕೊಂಡಳು. ಕಳೆದ ಪರೀಕ್ಷೆಯಲ್ಲಿ ಇದೇ ಪ್ರಶ್ನೆಗೆ ಅವಳು ತಪ್ಪು ಸೊನ್ನೆ ತುಂಬಿದ್ದಳು.

ಅಲ್ಲಿಂದ ಮುಂದೆ ಬಸ್ಸು ಸುಮ್ಮನಿರಲಿಲ್ಲ. ಕರಡು ತಿದ್ದುವ ಮುದುಕಿಗೆ 'ಕರಡಜ್ಜಿ' ಎಂದು ಹೆಸರು ಬಿತ್ತು. ಹಿಂದಿನ ಸೀಟಿನವರು ಸರಿಯಾಗಿ ಕೇಳಿಸದೆ 'ಕರಡಿಯಜ್ಜಿ' ಎಂದರೆ, "ಗುಡಿಸು ತೆಗೀರಿ, ನಾನಿನ್ನೂ ಕಾಡಿಗೆ ಹೋಗಿಲ್ಲ," ಎಂದು ಅಲ್ಲೇ ತಿದ್ದುತ್ತಿದ್ದರು. ಕೋರ್ಟಿನ ಸ್ಟಾಪಿಗೆ ಸುಳ್ಳಿನ ಮನೆತನ ಬಂತು: ನೆಪ, ಸಬೂಬು, ಬುರುಡೆ, ವಂಚನೆ. ಅಲ್ಲಿ ಇಳಿಯುವ ವಕೀಲ 'ಉತ್ಪ್ರೇಕ್ಷೆ'ಯನ್ನು ಆ ಗುಂಪಿಗೆ ಸೇರಿಸಬಾರದೆಂದು ಮೂರು ದಿನ ವಾದ ಮಾಡಿದ. "ಅದು ಸುಳ್ಳಲ್ಲ, ಅಲಂಕಾರ." ಮೂರನೇ ದಿನ ವಾದದ ಭರದಲ್ಲಿ ತನ್ನ ಸ್ಟಾಪನ್ನೇ ದಾಟಿಹೋದ. ಉದ್ಯಾನದ ಸ್ಟಾಪಿಗೆ ನೋಟಗಳು, ಶಾಲೆಯ ಸ್ಟಾಪಿಗೆ ನಡಿಗೆಗಳು. ತೆವಳು, ಕುಂಟು, ಅಡ್ಡಾಡು, ಧಾವಿಸು ಎಂದು ಅವಳು ಹೇಳುವುದಕ್ಕೂ ತಡವಾಗಿ ಬಂದ ಮೇಷ್ಟ್ರೊಬ್ಬರು ಬಸ್ಸಿಗಾಗಿ ದಾಪುಗಾಲು ಹಾಕುವುದಕ್ಕೂ ಸರಿಹೋಗಿ, ಎಲ್ಲರೂ ಅವರನ್ನು ಚಪ್ಪಾಳೆ ತಟ್ಟಿ ಹತ್ತಿಸಿಕೊಂಡರು. ಪಾಪ, ಅವರಿಗೆ ಕಾರಣವೇ ತಿಳಿಯಲಿಲ್ಲ.

ಒಂದು ದಿನ ಮಾತ್ರ ಬಸ್ಸು ತಣ್ಣಗಾಯಿತು. ಆಸ್ಪತ್ರೆಯ ಸ್ಟಾಪಿಗೆ ಕಂಡಕ್ಟರಮ್ಮ ದುಃಖದ ಪದಗಳನ್ನು ಇಟ್ಟಿದ್ದಳು. ಕೊರಗು, ಮರುಗು, ಬಿಕ್ಕು, ರೋದನ ಎಂದು ಹೇಳುತ್ತಿರುವಾಗ ಗಡಿಯಾರ ರಿಪೇರಿಯವನು ಕೈಯೆತ್ತಿದ. ವಾರಕ್ಕೆ ಮೂರು ದಿನ ರಕ್ತ ಶುದ್ಧಿ ಮಾಡಿಸಿಕೊಳ್ಳಲು ಅಲ್ಲಿ ಇಳಿಯುವವನು. ಮೃದುವಾಗಿಯೇ ಕೇಳಿದ.

"ನಮ್ಮ ಸ್ಟಾಪಿಗೆ ಯಾಕ್ರೀ ಅಳೋ ಪದಗಳು? ನಾನು ಅಲ್ಲಿಗೆ ಅಳೋಕೆ ಹೋಗಲ್ಲ."

ಕಂಡಕ್ಟರಮ್ಮನಿಗೆ ಭೂಮಿ ಬಾಯಿಬಿಟ್ಟರೆ ಸಾಕು ಎನಿಸಿತು. ಹನ್ನೆರಡು ವರ್ಷ ಆ ಸ್ಟಾಪಿನಲ್ಲಿ ಬಸ್ಸು ನಿಲ್ಲಿಸಿದ್ದಾಳೆ, ಒಂದು ದಿನವೂ ಇಳಿಯುವವರ ಕಡೆಯಿಂದ ಯೋಚಿಸಿರಲಿಲ್ಲ. "ತಪ್ಪಾಯ್ತಣ್ಣ," ಎಂದು ಅಷ್ಟೂ ರಟ್ಟುಗಳನ್ನು ಕಿತ್ತಳು. "ಇವನ್ನ ಎಲ್ಲಿಗೆ ಕಳಿಸ್ಲಿ?"

"ತೆರಿಗೆ ಕಚೇರಿಗೆ!" ಎಂದ ವಕೀಲ. ಬಸ್ಸು ಮತ್ತೆ ಬಿಸಿಯಾಯಿತು.

ಆಸ್ಪತ್ರೆಗೆ ಹೊಸ ಮನೆತನವನ್ನು ಗಡಿಯಾರದವನೇ ಕಟ್ಟಿಕೊಟ್ಟ. ಚೇತರಿಕೆ, ಸಾಂತ್ವನ, ಉಪಶಮನ, ಗುಣ. "ಗುಣ ಅಂದ್ರೆ ಪೂರ್ತಿ ಹೋಗೋದು. ನಂಗೆ ಅದಿಲ್ಲ. ಉಪಶಮನ ಅಂದ್ರೆ ಇವತ್ತಿನ ಮಟ್ಟಿಗೆ ಹಗುರ. ನಂಗೆ ಅದಿದೆ," ಎಂದು ವಿವರಿಸಿ, ಚೀಲ ಹೆಗಲಿಗೆ ಹಾಕಿ ಇಳಿದ. ಆ ಎರಡು ಪದಗಳ ಅಂತರವನ್ನು ಅವಳು ಮತ್ತೆ ಓದಬೇಕಾಗಲಿಲ್ಲ.

ಈ ಗದ್ದಲದಲ್ಲೆಲ್ಲ ಒಂದು ಮಾತೂ ಆಡದವನು ಡ್ರೈವರ್. ಡಿಪೋದಲ್ಲಿ ಅವನ ಹೆಸರು ಗುಮ್ಮಣ್ಣ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದನ್ನು ಅಕ್ಷರಶಃ ನಂಬಿದ್ದ ಮನುಷ್ಯ. ಒಂದು ಪಾಳಿಗೆ ಅವನ ಮಾತು ಎರಡು: ಬೆಳಗ್ಗೆ "ಹೊರಡೋಣ್ವಾ", ಪಾಳಿ ಮುಗಿದಾಗ "ಬರ್ಲಾ". ಉಳಿದದ್ದು ಹಾರ್ನಿನ ಕೆಲಸ. ಇಬ್ಬರಿಗೂ ಒಂದೇ ಪಾಳಿ ಬಿದ್ದ ಈ ನಾಲ್ಕು ವರ್ಷದಲ್ಲಿ ಕಂಡಕ್ಟರಮ್ಮ ಅವನ ಮುಖಕ್ಕಿಂತ ಹಿಂದಲೆಯನ್ನೇ ಹೆಚ್ಚು ನೋಡಿದ್ದಳು.

ಪರೀಕ್ಷೆಗೆ ಮೂರು ವಾರ ಇದ್ದಾಗ ಶಾಲೆಯ ಸ್ಟಾಪಿನಲ್ಲಿ ತಪಾಸಣೆಯ ಅಧಿಕಾರಿ ಹತ್ತಿದ. ಇಸ್ತ್ರಿ ಮಾಡಿದ ಹಾಗಿದ್ದ ಮುಖ. ಟಿಕೆಟ್‌ಗಳನ್ನು ನೋಡಿ ಮುಗಿಸಿ, ಕಂಬಿಯ ಮುಂದೆ ನಿಂತ.

"ಏನಿದು?"

"ಪದಗಳು ಸಾರ್."

"ಯಾರ ಜಾಹೀರಾತು?"

"ಯಾರದ್ದೂ ಅಲ್ಲ ಸಾರ್."

"ಇಲ್ಲಿ 'ಅಟ್ಟಹಾಸ' ಅಂತ ಇಷ್ಟು ದೊಡ್ಡದಾಗಿ ಬರೆದಿದೆ. ಯಾವ ಅಂಗಡಿ ಇದು?"

"ಅಂಗಡಿ ಅಲ್ಲ ಸಾರ್, ನಗು."

ಹಿಂದಿನಿಂದ ತರಕಾರಿಯಾಕೆಯ ದನಿ ಬಂತು. "ಸಾಹೇಬ್ರಿಗೆ ಅಸಮಾಧಾನ ಆಗಿದೆ."

"ಅಸಮಾಧಾನ ದಾಟಿದೆ, ಹುಬ್ಬು ನೋಡಿ," ಎಂದ ಗಡಿಯಾರದವನು. "ಸಿಡುಕಿಗೆ ಬಂದಿದಾರೆ."

"ಇನ್ನೆರಡು ಸ್ಟಾಪಿಗೆ ರೋಷ," ಎಂದ ವಕೀಲ.

ಬಸ್ಸು ನಕ್ಕಿತು. ಕಂಡಕ್ಟರಮ್ಮ ಕಣ್ಣಲ್ಲೇ ಸುಮ್ಮನಿರಿ ಎಂದು ಬೇಡಿಕೊಂಡಳು. ಅಧಿಕಾರಿ ವರದಿಯ ಪುಸ್ತಕ ತೆಗೆದು, ಬರೆಯುತ್ತಾ ಗಟ್ಟಿಯಾಗಿ ಓದಿದ. "ಪ್ರಯಾಣಿಕರು ನನ್ನನ್ನು ಕಂಡು ಗಹಗಹಿಸಿ ನಕ್ಕರು."

ಕರಡಜ್ಜಿ ಕನ್ನಡಕ ಸರಿಮಾಡಿಕೊಂಡರು. "ಗಹಗಹಿಸಿದ್ರೆ ಬಸ್ಸು ಅಲ್ಲಾಡಬೇಕಿತ್ತು ಸ್ವಾಮಿ. ಇದು ಕಿಸಕ್ಕನೆ ನಕ್ಕಿದ್ದು. ದಾಖಲೆ ಅಂದ್ಮೇಲೆ ಸರಿಯಾಗಿರಬೇಕು."

ಅಧಿಕಾರಿ ಅವರನ್ನು ದುರುಗುಟ್ಟಿ ನೋಡಿದ. ಆಮೇಲೆ, ಯಾಕೋ ಏನೋ, ಒಂದು ಪದ ಹೊಡೆದುಹಾಕಿ ಇನ್ನೊಂದು ಬರೆದ. ಆದರೂ ವರದಿ ವರದಿಯೇ. ಸಂಜೆಯೊಳಗೆ ಅದು ಡಿಪೋ ಮ್ಯಾನೇಜರನ ಮೇಜಿನ ಮೇಲಿತ್ತು.

ಮ್ಯಾನೇಜರ್ ಮೇಜು ಕುಟ್ಟಿದ. "ಬಸ್ಸೋ ಪಾಠಶಾಲೆನೋ? ಅನುಮತಿ ಇಲ್ಲದ ಬರಹ ಬಸ್ಸಿನೊಳಗೆ ಇರಬಾರದು ಅಂತ ನಿಯಮ ಇದೆ. ನಾಳೆಯಿಂದ ಒಂದು ಚೂರು ರಟ್ಟು ಕಂಡ್ರೆ ನಿಮಗೆ ಬೇರೆ ರೂಟು." ಜೊತೆಗೆ ನಿಂತಿದ್ದ ಗುಮ್ಮಣ್ಣನ ಕಡೆ ತಿರುಗಿದ. "ನಿಮಗೆ ಈ ಗಲಾಟೇಲಿ ಗಾಡಿ ಓಡಿಸೋಕೆ ತೊಂದ್ರೆ ಆಗ್ತಿರಲಿಲ್ವಾ?"

"ಇಲ್ಲ," ಎಂದ ಗುಮ್ಮಣ್ಣ.

ಮ್ಯಾನೇಜರ್ ಇನ್ನಷ್ಟು ಮಾತಿಗಾಗಿ ಕಾದ. ಬರಲಿಲ್ಲ.

ಮರುದಿನ ಬೋಳು ಕಂಬಿಯ ಮುಂದೆ ಕೂತ ಕಂಡಕ್ಟರಮ್ಮನಿಗೆ ಹಲ್ಲು ಕಿತ್ತ ಬಾಯಿಯಂತೆ ಎಲ್ಲವೂ ಖಾಲಿ ಎನಿಸಿತು. ಮೊದಲ ಸ್ಟಾಪ್ ಬಂತು. ಟಿಕೆಟ್ ಕೊಟ್ಟಳು, ಸೀಟಿ ಊದಿದಳು, ಬಾಯಿಗೆ ಬೀಗ ಹಾಕಿಕೊಂಡು ಕೂತಳು. ಎರಡನೆಯದು ಮಾರುಕಟ್ಟೆ. ತರಕಾರಿಯಾಕೆ ಬುಟ್ಟಿ ಇಳಿಸಿ, ಕಂಬಿ ನೋಡಿ, ವಿಷಯ ಕೇಳಿ ತಿಳಿದುಕೊಂಡಳು.

"ಬರಹ ಇರಬಾರದು ಅಂದ್ರಾ, ಮಾತೂ ಇರಬಾರದು ಅಂದ್ರಾ?"

"ಬರಹ ಅಂದ್ರು."

ತರಕಾರಿಯಾಕೆ ಸೊಂಟಕ್ಕೆ ಕೈಯಿಟ್ಟು ನಿಂತಳು. "ಜಿಪುಣ!" ಎಂದು ಕೂಗಿದಳು.

"ಲೋಭಿ!" ಎಂದಿತು ಮುಂದಿನ ಸೀಟು.

"ಕೃಪಣ!" ಎಂದಿತು ಕಿಟಕಿ.

"ಜುಗ್ಗ!" ಎಂದರು ಐದಾರು ಜನ ಒಟ್ಟಿಗೆ, ಯಾಕೆಂದರೆ ಆ ಪದ ಎಲ್ಲರಿಗೂ ಇಷ್ಟ.

ನಾಲ್ಕು ತಿಂಗಳಲ್ಲಿ ರಟ್ಟುಗಳು ಅವರ ತಲೆಯೊಳಗೆ ಇಳಿದಿದ್ದವು. ಕೋರ್ಟು ಬಂದಾಗ ವಕೀಲ ಎದ್ದು ನಿಂತು ತನ್ನ ಮನೆತನವನ್ನು ಒಪ್ಪಿಸಿದ, 'ಉತ್ಪ್ರೇಕ್ಷೆ'ಯನ್ನು ಬಿಟ್ಟು. ಆಸ್ಪತ್ರೆಯಲ್ಲಿ ಗಡಿಯಾರದವನು ಇಳಿಯುತ್ತಾ ತಿರುಗಿ "ಉಪಶಮನ!" ಎಂದು ಕೈಬೀಸಿದ. ತೆರಿಗೆ ಕಚೇರಿಯ ಸ್ಟಾಪಿನಲ್ಲಿ ಇಡೀ ಬಸ್ಸು ಸ್ವರ ಎಳೆದು "ರೋದನ" ಎಂದಾಗ ಹೊರಗೆ ನಿಂತ ಗುಮಾಸ್ತನೊಬ್ಬ ಕಾಗದಗಳನ್ನು ಎದೆಗವಚಿಕೊಂಡ. ಕಂಡಕ್ಟರಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಆ ನಗುವಿಗೆ ಯಾವ ಹೆಸರು ಎಂದು ಯಾರೋ ಕೇಳಿದರು. ಕರಡಜ್ಜಿಯೂ ನಗುತ್ತಿದ್ದರು.

ಪರೀಕ್ಷೆಯ ದಿನ ದೊಡ್ಡ ಸಭಾಂಗಣ. ಸಾಲುಸಾಲು ಮೇಜು, ಹೊಸ ವಾರ್ನಿಷಿನ ವಾಸನೆ, ಚೂಪು ಮಾಡಿದ ಪೆನ್ಸಿಲುಗಳು. ತನ್ನ ಸಂಖ್ಯೆ ಹುಡುಕಿ ಕೂತು ತಲೆಯೆತ್ತಿದರೆ ಎರಡು ಸಾಲು ಮುಂದೆ ಒಂದು ಹಿಂದಲೆ. ಆ ಹಿಂದಲೆಯನ್ನು ಅವಳು ಯಾವ ಸಂತೆಯಲ್ಲಾದರೂ ಗುರುತಿಸುತ್ತಿದ್ದಳು. ಗುಮ್ಮಣ್ಣ! ಯಾರನ್ನೋ ಬಿಡಲು ಬಂದಿರಬೇಕು ಎಂದುಕೊಂಡಳು. ಅಷ್ಟರಲ್ಲಿ ಅವನು ಪೆನ್ಸಿಲ್ ತೆಗೆದು ಹೆಸರು ಬರೆಯತೊಡಗಿದ.

ಬೆಕ್ಕಸಬೆರಗಾಗಲೂ ಪುರುಸೊತ್ತಿರಲಿಲ್ಲ. ಗಂಟೆ ಹೊಡೆಯಿತು. ಲೆಕ್ಕ ಮುಗಿಯಿತು, ನಿಯಮಗಳು ಮುಗಿದವು. ಪದಜ್ಞಾನದ ಮೊದಲ ಪ್ರಶ್ನೆ: ಗುಂಪಿಗೆ ಸೇರದ ಪದ ಯಾವುದು? ಲೋಭಿ, ಮಿತವ್ಯಯಿ, ಜುಗ್ಗ, ಕೃಪಣ. ಅವಳು ಮನಸ್ಸಿನಲ್ಲೇ ಸೀಟಿ ಊದಿ ಮಾರುಕಟ್ಟೆಯಲ್ಲಿ ಬಸ್ಸು ನಿಲ್ಲಿಸಿದಳು. ಎದುರುಮನೆಯವನನ್ನು ಹೊರಗೆ ಕಳಿಸಿ ಸೊನ್ನೆ ತುಂಬಿದಳು. ಅಲ್ಲಿಂದ ಬಸ್ಸು ತಾನೇ ಓಡಿತು. ಹನ್ನೊಂದನೇ ಪ್ರಶ್ನೆಗೆ ಉದ್ಯಾನ, ಹದಿನಾರಕ್ಕೆ ಕೋರ್ಟು. ನಡುವೆ ಮೇಲ್ವಿಚಾರಕಿ ಬಂದು ಭುಜ ತಟ್ಟಿದಳು.

"ಸ್ವಲ್ಪ ಮನಸ್ಸಲ್ಲೇ ಓದ್ಕೊಳ್ಳಿ. ಇಡೀ ಹಾಲಿಗೆ ಉತ್ತರ ಕೇಳಿಸ್ತಿದೆ."

ಹೊರಗೆ ಬಂದದ್ದೇ ಅವಳು ಗುಮ್ಮಣ್ಣನನ್ನು ಮೆಟ್ಟಿಲ ಮೇಲೆ ಅಡ್ಡಗಟ್ಟಿದಳು. "ಏನ್ರೀ ಇದು? ಒಂದು ಮಾತು ಹೇಳಬಾರದಿತ್ತಾ?"

"ನೀವು ಕೇಳ್ಲಿಲ್ಲ."

"ಯಾವಾಗ ಓದಿದ್ರಿ?"

"ಓದಲಿಲ್ಲ. ಕೇಳಿಸ್ತಿತ್ತು." ಕಷ್ಟಪಟ್ಟು ಸೇರಿಸಿದ. "ನಾನೂ ಎರಡು ಸಲ ಫೇಲು. ಪದಗಳಲ್ಲೇ."

ಅವಳಿಗೆ ಸಿಟ್ಟು ಬಂತು, ಮೆಟ್ಟಿಲು ಇಳಿಯುವಷ್ಟರಲ್ಲಿ ಹೋಯಿತು. ಇಬ್ಬರೂ ಎದುರಿನ ಅಂಗಡಿಯಲ್ಲಿ ಚಹಾ ಕುಡಿದರು. ಅವಳು ಮಾತಾಡಿದಳು, ಅವನು ಬನ್ನು ತಿಂದ.

ಆರು ವಾರದ ಮೇಲೆ ಫಲಿತಾಂಶ ಡಿಪೋದ ಗೋಡೆಯ ಮೇಲೆ ಬಂತು. ಪದಜ್ಞಾನದಲ್ಲಿ ಕಂಡಕ್ಟರಮ್ಮನಿಗೆ ಮೂವತ್ತೈದು. ಒಟ್ಟಿನಲ್ಲಿ ಡಿಪೋಗೆ ಎರಡನೇ ಸ್ಥಾನ. ಮೊದಲನೇ ಸ್ಥಾನ ಗುಮ್ಮಣ್ಣನಿಗೆ. ಪದಜ್ಞಾನದಲ್ಲಿ ಅವನಿಗೆ ಮೂವತ್ತೆಂಟು. ಆ ದಿನ ಇಪ್ಪತ್ತೆರಡನೇ ನಂಬರಿನ ಬಸ್ಸಿನಲ್ಲಿ ಕರಡಜ್ಜಿ ಎಲ್ಲರಿಗೂ ಮಿಠಾಯಿ ಹಂಚಿದರು. ತರಕಾರಿಯಾಕೆ ಒಂದು ಕುಂಬಳಕಾಯಿಯನ್ನು ಡ್ರೈವರನ ಪಕ್ಕ ಇಟ್ಟು, "ಬಾಯಿ ಮುಚ್ಕೊಂಡೇ ಗೆದ್ದೆಯಲ್ಲಪ್ಪ!" ಎಂದಳು.

ಸಂಭ್ರಮ ಇಳಿದ ಮೇಲೆ ಕಂಡಕ್ಟರಮ್ಮನಿಗೆ ಒಂದು ಸಂಗತಿ ಹೊಳೆಯಿತು. ಎರಡು ಹುದ್ದೆಗಳಲ್ಲಿ ಯಾವುದು ಬೇಕೆಂದು ಮೊದಲು ಆರಿಸುವ ಹಕ್ಕು ಮೊದಲನೇ ಸ್ಥಾನದವನದು. ಮೈಕಿನ ಕೋಣೆಯಲ್ಲಿ ತಿರುಗುವ ಕುರ್ಚಿಯಿದೆ, ತಣ್ಣನೆಯ ಗಾಳಿಯಿದೆ, ಸಂಬಳದಲ್ಲೂ ಒಂದು ಮೆಟ್ಟಿಲು ಮೇಲೆ. ಇಷ್ಟು ವರ್ಷ ಯಾರೂ ಅದನ್ನು ಬಿಟ್ಟು ವೇಳಾಪಟ್ಟಿಯ ಕೋಣೆಗೆ ಹೋದದ್ದಿಲ್ಲ ಎಂದು ಡಿಪೋದವರೆಲ್ಲ ಹೇಳಿದರು. ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲವೇನೋ. ಒಂಬತ್ತು ದಿನ ತಡೆದು, ಹತ್ತನೇ ದಿನ ಕೇಳಿಯೇಬಿಟ್ಟಳು.

"ನೀವು ಯಾವುದು ತಗೋತೀರಾ?"

"ನೋಡೋಣ," ಎಂದ ಗುಮ್ಮಣ್ಣ, ಗೇರು ಬದಲಿಸುತ್ತಾ.

ಅಂದು ರಾತ್ರಿಯೂಟಕ್ಕೆ ಅವಳು ತಟ್ಟೆಯಲ್ಲಿ ಬೆರಳಾಡಿಸುತ್ತಾ ಕೂತಾಗ ಅತ್ತೆ, "ಅವನು ಮೈಕಿನ ಮುಂದೆ ಕೂತು ಏನ್ಮಾಡ್ತಾನೆ, ಉಸಿರಾಡ್ತಾನಾ?" ಎಂದರು. ಗಂಡ ಫಕ್ಕನೆ ನಕ್ಕ. ಸೊಸೆಗೆ ನಗು ಬರಲಿಲ್ಲ.

ಆಯ್ಕೆಯ ದಿನ ಇಬ್ಬರೂ ಮ್ಯಾನೇಜರನ ಮೇಜಿನ ಮುಂದೆ ನಿಂತರು. ಮ್ಯಾನೇಜರ್ ಅರ್ಜಿಯಲ್ಲಿ 'ಮೈಕು' ಎಂದು ಆಗಲೇ ಅರ್ಧ ಬರೆದುಬಿಟ್ಟಿದ್ದ. "ಮೈಕು ತಾನೇ?" ಎಂದ, ತಲೆಯೆತ್ತದೆ.

"ಅಲ್ಲ," ಎಂದ ಗುಮ್ಮಣ್ಣ. ಆಮೇಲೆ, ಮಳೆಗಾಲದ ಗಾಡಿ ಚಾಲೂ ಆಗುವ ಹಾಗೆ ಎರಡು ಸಲ ಕೆಮ್ಮಿ, ಮಾತು ಶುರುಮಾಡಿದ. "ಸೇತುವೆಯಿಂದ ಆಸ್ಪತ್ರೆಗೆ ಆರು ನಿಮಿಷ ಅಂತ ಯಾರೋ ಕೂತ್ಕೊಂಡು ಬರೆದಿದಾರೆ ಸಾರ್. ಒಂಬತ್ತು ಬೇಕು. ಆ ಮೂರು ನಿಮಿಷ ಉಳಿಸೋಕೆ ಹದಿನೈದು ವರ್ಷದಿಂದ ಒಂದೊಂದು ಟ್ರಿಪ್ಪಲ್ಲೂ ಓಡಿಸ್ತಿದೀನಿ, ಓಡಿ ಬರೋ ಮುದುಕರನ್ನ ಬಿಟ್ಟು ಬರ್ತಿದೀನಿ. ಪ್ರತಿ ಡ್ರೈವರಿಗೂ ಗೊತ್ತು, ಬರೆಯೋನಿಗೆ ಗೊತ್ತಿಲ್ಲ. ನಂಗೆ ಆ ಕೋಣೆ ಕೊಡಿ, ಒಂದು ಪೆನ್ಸಿಲ್ ಕೊಡಿ, ಒಂದು ರಬ್ಬರ್ ಕೊಡಿ. ಮೈಕು ಇವರದ್ದು."

ಮ್ಯಾನೇಜರನ ಪೆನ್ನು ಕಾಗದದ ಮೇಲೆ ನಿಂತೇ ಇತ್ತು. "ಇಷ್ಟು ಮಾತು ಬರುತ್ತಾ ನಿಮಗೆ?"

ಗುಮ್ಮಣ್ಣನ ಮಾತಿನ ಆ ದಿನದ ಪಾಲು ಮುಗಿದಿತ್ತು.

ಕಂಡಕ್ಟರಮ್ಮನಿಗೆ ಹೊಟ್ಟೆಯಲ್ಲಿ ಹಾಲು ಹೊಯ್ದ ಹಾಗಾಯಿತು. ಏನೋ ಹೇಳಲು ಬಾಯಿ ತೆರೆದಳು. ಕೃತಜ್ಞತೆಯ ಒಂದು ಮನೆತನವೇ ಗೊತ್ತಿತ್ತು ಅವಳಿಗೆ, ಹನ್ನೆರಡನೇ ಸ್ಟಾಪಿನದು. ಒಂದೂ ಬಾಯಿಗೆ ಬರಲಿಲ್ಲ. ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಅಲ್ಲಾಡಿಸಿದಳು, ಅಷ್ಟೇ.

ತಿಂಗಳ ಮೊದಲ ಸೋಮವಾರ ಬೆಳಗ್ಗೆ ಆರಕ್ಕೆ ಅವಳು ಗಾಜಿನ ಕೋಣೆಯಲ್ಲಿ ಕೂತಳು. ಕೆಳಗೆ ಹನ್ನೆರಡು ಪ್ಲಾಟ್‌ಫಾರಂ, ಸಾಲುಬೆಂಚು, ಅರೆನಿದ್ರೆಯ ಜನ. ಮೊದಲ ಬಸ್ಸು ಒಂಬತ್ತನೇ ನಂಬರು. ಗುಂಡಿ ಒತ್ತಿ, ಸಾವಕಾಶವಾಗಿ, ಒಂದೊಂದು ಊರಿನ ಹೆಸರನ್ನೂ ಬಿಡಿಸಿ ಹೇಳಿದಳು. ಕೆಳಗೆ ತಲೆಗಳು ಒಟ್ಟಿಗೆ ಮೇಲೆದ್ದವು. ಒಬ್ಬ ತಾನು ಕೂತಿದ್ದ ಬಸ್ಸಿನಿಂದ ಇಳಿದು ಇನ್ನೊಂದಕ್ಕೆ ಓಡಿದ.

ಹತ್ತು ಗಂಟೆಯ ಬಿಡುವಿನಲ್ಲಿ ಕೆಳಗಿಳಿದು ನೋಡಿದರೆ ನಾಲ್ಕನೇ ಬೆಂಚಿನಲ್ಲಿ ಅತ್ತೆ ಕೂತಿದ್ದರು. ಹೊಸ ಚಪ್ಪಲಿ, ಮಡಿಲಲ್ಲಿ ಚೀಲ.

"ಅತ್ತೆ! ಎಲ್ಲಿಗೆ ಹೊರಟ್ರಿ?"

"ಎಲ್ಲಿಗೂ ಇಲ್ಲ. ಕೇಳೋಕೆ ಬಂದೆ."

"ಯಾವಾಗಿಂದ ಕೂತಿದೀರಾ?"

"ನೀನು ಒಂಬತ್ತನೇ ನಂಬರು ಅಂದಾಗಿಂದ. ಪಕ್ಕದೋರು ಯಾವ ಬಸ್ಸಿಗೆ ಕಾಯ್ತಿದೀರಾ ಅಂತ ಕೇಳಿದ್ರು. ಬಸ್ಸಿಗಲ್ಲ, ಮೇಲೆ ಮಾತಾಡ್ತಿರೋಳು ನನ್ನ ಸೊಸೆ ಅಂದೆ. ಪಾಪ, ಅವರ ಬಸ್ಸು ಹೋದ್ರೂ ಕೂತು ಕೇಳಿದ್ರು."

"ಹೇಗಿತ್ತು?"

ಅತ್ತೆ ಚೀಲದಿಂದ ಒಂದು ಸೇಬು ತೆಗೆದು, ಸೆರಗಿನಲ್ಲಿ ಒರೆಸಿ, ಸೊಸೆಯ ಕೈಗಿಟ್ಟರು. "ಸ್ಪಷ್ಟವಾಗಿತ್ತು," ಎಂದರು. ಈ ಸಲ ಅದರಲ್ಲಿ ಯಾವ ಕುಟುಕೂ ಇರಲಿಲ್ಲ. ಎಷ್ಟು ಹುಡುಕಿದರೂ ಸಿಗಲಿಲ್ಲ. "ಇನ್ನೂ ಎಷ್ಟು ಹೊತ್ತು ಇದೆ ನಿಂದು?"

"ಎರಡು ಗಂಟೆವರೆಗೆ."

"ಹಾಗಾದ್ರೆ ಇರ್ತೀನಿ. ಮನೇಲೇನು ಕಡಿದು ಕಟ್ಟೆ ಹಾಕೋದಿದೆ?" ಎಂದು ಕಾಲು ಚಾಚಿ ಕೂತರು.

ಕಂಡಕ್ಟರಮ್ಮ ಸೇಬು ಕಚ್ಚುತ್ತಲೇ ಮೆಟ್ಟಿಲು ಹತ್ತಿದಳು. ಏಳನೇ ಪ್ಲಾಟ್‌ಫಾರಮ್ಮಿಗೆ ಬಸ್ಸೊಂದು ತಿರುಗುತ್ತಿತ್ತು. ಅವಳು ಬಾಯೊರೆಸಿಕೊಂಡು ಗುಂಡಿ ಒತ್ತಿದಳು.